ತುಮಕೂರಿನಲ್ಲಿ ಕುಳಿತು ಒಎಲ್‌ಇಡಿ ದಕ್ಷತೆ ಹೆಚ್ಚಿಸಲು ಹೊರಟಾಗ

ಕಳೆದ ತಿಂಗಳು ನನ್ನ ಪಿಎಚ್‌.ಡಿ ಮೌಖಿಕ ಪರೀಕ್ಷೆ ಮುಗಿಯಿತು. ಒಎಲ್‌ಇಡಿ ಎಂದರೆ ವಿದ್ಯುತ್ ಕೊಟ್ಟಾಗ ತಾನೇ ಬೆಳಗುವ, ಮೊಬೈಲ್ ಪರದೆಗಳಲ್ಲೂ ಬಳಸುವ ಸಾವಯವ ದೀಪ. ಅದರ ಒಳಗೆ ಹುಟ್ಟುವ ಬೆಳಕನ್ನು ಹೆಚ್ಚು ಪ್ರಮಾಣದಲ್ಲಿ ಹೊರಕ್ಕೆ ತರುವುದು ನನ್ನ ವಿಷಯ. ಅರ್ಧ ಕೆಲಸ ತುಮಕೂರಿನ ನಮ್ಮ ಭೌತವಿಜ್ಞಾನ ವಿಭಾಗದಲ್ಲಿ, ಉಳಿದರ್ಧ ಬೆಂಗಳೂರಿನಲ್ಲಿ ಬೇರೆಯವರ ಉಪಕರಣಗಳ ಮೇಲೆ ನಡೆಯಿತು. ನಾನು ಆರಂಭಿಸಿದಾಗ ಇಂಥ ಊರಿನಿಂದ ಈ ಕೆಲಸ ಮಾಡಲು ಏನೇನು ಬೇಕು, ಯಾವುದಕ್ಕೆ ಎಷ್ಟು ಕಾಯಬೇಕು, ದುಡ್ಡು ಎಲ್ಲಿ ಕರಗುತ್ತದೆ ಎಂದು ಹೇಳುವವರು ಯಾರೂ ಸಿಗಲಿಲ್ಲ. ಈಗ ವಿಭಾಗದ ಎಂ.ಎಸ್ಸಿ ಮಕ್ಕಳು ಅದನ್ನೇ ನನ್ನಲ್ಲಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ.

ನಮ್ಮ ಮಾರ್ಗದರ್ಶಕಿ ಮೇಡಂ ಮೊದಲ ಭೇಟಿಯಲ್ಲಿ ವಿಷಯ ಕೊಡಲಿಲ್ಲ. "ಬೆಳಕು ಎಲ್ಲೆಲ್ಲಿ ಸೋರಿಹೋಗುತ್ತಿದೆ ಎಂದು ಮೊದಲು ಲೆಕ್ಕ ಹಾಕಿಕೊಂಡು ಬಾರಮ್ಮ. ಯಾವ ಸೋರಿಕೆಯನ್ನು ನಮ್ಮ ಕೈಯಲ್ಲಿ ತಡೆಯಲು ಆಗುತ್ತದೋ ಅದೇ ನಿನ್ನ ವಿಷಯ" ಎಂದರು. ಇಡೀ ಸಂಶೋಧನೆಯಲ್ಲಿ ನನಗೆ ಸಿಕ್ಕಿದ ಅತ್ಯಂತ ಬೆಲೆಯುಳ್ಳ ಮಾತು ಅದು. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ತಿಳಿಯದೆ ವಿಷಯ ಆರಿಸಿಕೊಂಡವರು ವರ್ಷಗಟ್ಟಲೆ ತಪ್ಪು ಜಾಗದಲ್ಲಿ ದುಡಿಯುವುದನ್ನು ಕಂಡಿದ್ದೇನೆ.

ಒಎಲ್‌ಇಡಿಯ ರಚನೆ ಎಂದರೆ ಎರಡು ವಿದ್ಯುದ್ವಾರಗಳ ನಡುವೆ ಇಟ್ಟ ಸಾವಯವ ಪದರಗಳು. ಎಲ್ಲ ಸೇರಿದರೂ ನೂರಿನ್ನೂರು ನ್ಯಾನೊಮೀಟರ್ ದಪ್ಪ. ಒಂದು ಬದಿಯಿಂದ ಎಲೆಕ್ಟ್ರಾನುಗಳು, ಇನ್ನೊಂದು ಬದಿಯಿಂದ ರಂಧ್ರಗಳು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು, ಧನ ಆವೇಶದಂತೆ ವರ್ತಿಸುತ್ತವೆ) ಒಳಬಂದು, ನಡುವೆ ಜೊತೆಗೂಡಿ ಎಕ್ಸಿಟಾನ್ ಆಗುತ್ತವೆ. ಆ ಎಕ್ಸಿಟಾನ್ ತಣಿಯುವಾಗ ಬೆಳಕು ಹೊರಬೀಳುತ್ತದೆ. ನಾವು ಅಳೆಯುವ ಬಾಹ್ಯ ದಕ್ಷತೆ ನಾಲ್ಕು ಸಂಖ್ಯೆಗಳ ಗುಣಲಬ್ಧ: ಎಷ್ಟು ಎಲೆಕ್ಟ್ರಾನುಗಳಿಗೆ ರಂಧ್ರ ಸಿಗುತ್ತದೆ, ಹುಟ್ಟಿದ ಎಕ್ಸಿಟಾನ್‌ಗಳಲ್ಲಿ ಎಷ್ಟಕ್ಕೆ ಬೆಳಗುವ ಅವಕಾಶವಿದೆ, ಅವಕಾಶವಿದ್ದವುಗಳಲ್ಲಿ ಎಷ್ಟು ನಿಜಕ್ಕೂ ಬೆಳಗುತ್ತವೆ, ಬೆಳಗಿದ್ದರಲ್ಲಿ ಎಷ್ಟು ಗಾಜನ್ನು ದಾಟಿ ಕಣ್ಣಿಗೆ ಬೀಳುತ್ತದೆ. ನಾಲ್ಕರಲ್ಲಿ ಒಂದು ಸಣ್ಣದಾದರೂ ಉಳಿದ ಮೂರರ ಶ್ರಮ ವ್ಯರ್ಥ.

1987ರಲ್ಲಿ ಈಸ್ಟ್‌ಮನ್ ಕೊಡಾಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎರಡು ಪದರಗಳ ಒಎಲ್‌ಇಡಿಯನ್ನು ಪ್ರಕಟಿಸಿದಾಗ ಅದರ ದಕ್ಷತೆ ಸುಮಾರು ಶೇಕಡಾ 1. ಅವರು ಬಳಸಿದ ಹಸಿರು ಬೆಳಕಿನ ಅಣು ಆಲ್ಕ್ಯೂ3, ನನ್ನದೂ ಅದೇ. ಕ್ವಾಂಟಂ ಸ್ಪಿನ್ ನಿಯಮದಿಂದಾಗಿ ಎಕ್ಸಿಟಾನ್‌ಗಳಲ್ಲಿ ಎರಡು ಬಗೆ, ನಾಲ್ಕರಲ್ಲಿ ಒಂದು ಮಾತ್ರ ಸಿಂಗ್ಲೆಟ್, ಮೂರು ಟ್ರಿಪ್ಲೆಟ್. ಆಲ್ಕ್ಯೂ3ನಲ್ಲಿ ಬೆಳಗುವುದು ಸಿಂಗ್ಲೆಟ್ ಮಾತ್ರ, ಹಾಗಾಗಿ 25%. ಅದರ ತೆಳು ಪದರದಲ್ಲಿ ಬೆಳಗುವ ಸಾಮರ್ಥ್ಯ ಹೆಚ್ಚುಕಡಿಮೆ ಇನ್ನೊಂದು ಕಾಲು ಭಾಗ. ಹೊರಕ್ಕೆ ಬರುವುದು ಐದನೇ ಒಂದು ಭಾಗ. ಎಲ್ಲ ಎಲೆಕ್ಟ್ರಾನುಗಳಿಗೂ ರಂಧ್ರ ಸಿಕ್ಕಿತು ಎಂದುಕೊಂಡು ಈ ಮೂರನ್ನೂ ಗುಣಿಸಿದರೆ ಶೇಕಡಾ 1ರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಈ ಗುಣಾಕಾರವನ್ನು ನೋಟ್‌ಬುಕ್ಕಿನಲ್ಲಿ ಮಾಡಿ ನೋಡಿದ ಸಂಜೆ ನನಗಾದ ಸಂತೋಷ ಇನ್ನೂ ನೆನಪಿದೆ. ಕೊಡಾಕ್‌ನ ಪ್ರಯೋಗಾಲಯದಲ್ಲಿ ಅಳೆದ ಸಂಖ್ಯೆ ತುಮಕೂರಿನ ಹಾಸ್ಟೆಲಿನ ಮೇಜಿನ ಮೇಲೆ ಹೊಂದಿಕೆಯಾಗಿತ್ತು.

ಟ್ರಿಪ್ಲೆಟ್‌ಗಳ ನಷ್ಟವನ್ನು ತಡೆಯುವ ದಾರಿ 1998ರಲ್ಲಿ ತೆರೆಯಿತು. ಬಾಲ್ಡೊ, ಫಾರೆಸ್ಟ್, ಥಾಂಪ್ಸನ್ ಮತ್ತು ಸಂಗಡಿಗರು ಪ್ಲಾಟಿನಂ ಇರುವ ಅಣು ಬಳಸಿ ಟ್ರಿಪ್ಲೆಟ್‌ಗಳಿಂದಲೂ ಬೆಳಕು ಪಡೆದರು. ಮುಂದೆ ಇರಿಡಿಯಂ ಸಂಯುಕ್ತಗಳು ಬಂದವು, ಒಳಗಿನ ದಕ್ಷತೆ, ಅಂದರೆ ಮೊದಲ ಮೂರು ಸಂಖ್ಯೆಗಳ ಗುಣಲಬ್ಧ, 100%ಕ್ಕೆ ಹತ್ತಿರವಾಯಿತು. 2012ರಲ್ಲಿ ಜಪಾನಿನ ಅಡಾಚಿ ಅವರ ತಂಡ ಭಾರಲೋಹವೇ ಇಲ್ಲದ ಅಣುಗಳಲ್ಲಿ, ಟ್ರಿಪ್ಲೆಟ್‌ಗಳನ್ನು ಕೋಣೆಯ ಶಾಖದಿಂದಲೇ ಮತ್ತೆ ಸಿಂಗ್ಲೆಟ್ ಆಗಿಸುವ ದಾರಿ ತೋರಿಸಿತು. ಈ ಕ್ಷೇತ್ರದ ದೊಡ್ಡ ಹೆಸರುಗಳೆಲ್ಲ ಇಲ್ಲಿವೆ, ಆದ್ದರಿಂದ ಹೊಸಬರಿಗೆ ಆಕರ್ಷಣೆಯೂ ಇಲ್ಲಿಯೇ. ಆದರೆ ಇದಕ್ಕೆ ಹೊಸ ಅಣುಗಳನ್ನು ಸಂಶ್ಲೇಷಿಸುವ ರಸಾಯನಶಾಸ್ತ್ರದ ತಂಡ ಬೇಕು, ಇರಿಡಿಯಂ ಸಂಯುಕ್ತಗಳ ಬೆಲೆ ತಡೆಯುವ ಅನುದಾನ ಬೇಕು. ನಮ್ಮಲ್ಲಿ ಎರಡೂ ಇರಲಿಲ್ಲ.

ನಾಲ್ಕನೆಯ ಸಂಖ್ಯೆ ಬೇರೆ ರೀತಿಯದು. ಒಳಗಿನ ದಕ್ಷತೆ ನೂರಕ್ಕೆ ನೂರಾದರೂ ಸಾಧಾರಣ ಸಮತಲ ಗಾಜಿನ ಮೇಲೆ ಮಾಡಿದ ಒಎಲ್‌ಇಡಿಯಿಂದ ಹೊರಬರುವ ಬೆಳಕು ಸುಮಾರು 20%. ಸಾವಯವ ಪದರದ ವಕ್ರೀಭವನ ಸೂಚ್ಯಂಕ 1.7ರ ಆಸುಪಾಸು, ಗಾಜಿನದು 1.5, ಗಾಳಿಯದು 1. ಗಾಜಿನಿಂದ ಗಾಳಿಗೆ ಹೊರಟ ಕಿರಣ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಸಂಪೂರ್ಣ ಆಂತರಿಕ ಪ್ರತಿಫಲನವಾಗಿ ಒಳಕ್ಕೇ ಮರಳುತ್ತದೆ. ಕೊಳವೆಬಾವಿಯಿಂದ ಎತ್ತಿದ ನೀರಿನಲ್ಲಿ ಐದನೇ ಒಂದು ಪಾಲು ಮಾತ್ರ ಅಡಿಕೆ ಮರದ ಬುಡ ಮುಟ್ಟಿ, ಉಳಿದದ್ದು ಮಣ್ಣಿನ ಕಾಲುವೆಯಲ್ಲೇ ಇಂಗಿದ ಹಾಗೆ. ಗುಬ್ಬಿ ತಾಲ್ಲೂಕಿನಲ್ಲಿ ತೋಟ ಮಾಡುವ ನನ್ನ ಅಪ್ಪನಿಗೆ ಹೀಗೆಯೇ ವಿವರಿಸಿದ್ದೆ. "ಹಾಗಾದರೆ ಮೊದಲು ಕಾಲುವೆ ಸರಿ ಮಾಡಬೇಕಲ್ಲಮ್ಮ" ಎಂದರು. ನನ್ನ ವಿಷಯ ಅದೇ ಆಯಿತು.

ಸಿಕ್ಕಿಬಿದ್ದ ಬೆಳಕು ಒಂದೇ ಕಡೆ ಇರುವುದಿಲ್ಲ. ಸ್ವಲ್ಪ ಗಾಜಿನೊಳಗೆ, ಸ್ವಲ್ಪ ಸಾವಯವ ಪದರ ಮತ್ತು ಪಾರದರ್ಶಕ ವಿದ್ಯುದ್ವಾರದೊಳಗೆ, ಇನ್ನು ಸ್ವಲ್ಪ ಲೋಹದ ಮೇಲ್ಮೈಯಲ್ಲಿ ಪ್ಲಾಸ್ಮಾನ್, ಅಂದರೆ ಎಲೆಕ್ಟ್ರಾನುಗಳ ಅಲೆಯ ರೂಪದಲ್ಲಿ. ಕೊನೆಯ ಎರಡನ್ನು ಬಿಡಿಸಲು ಸಾಧನದ ಒಳರಚನೆಗೇ ಕೈ ಹಾಕಬೇಕು. ಗಾಜಿನೊಳಗೆ ಸಿಕ್ಕಿದ್ದನ್ನಾದರೆ ಗಾಜಿನ ಹೊರಮೈಗೆ ಸೂಕ್ಷ್ಮ ಮಸೂರಗಳ ಹಾಳೆ ಅಂಟಿಸಿ ಬಿಡಿಸಬಹುದು. ಇದಕ್ಕೆ ನಿರ್ವಾತ ಕೊಠಡಿ ಬೇಡ, ಗ್ಲೋವ್ ಬಾಕ್ಸ್ (ತೇವ, ಆಮ್ಲಜನಕ ಇಲ್ಲದ, ಕೈಗವಸಿನಿಂದ ಒಳಗೆ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಬೇಡ. ಸಣ್ಣ ಊರಿನ ವಿಭಾಗಗಳಿಗೆ ನಾನು ಒತ್ತಿ ಹೇಳುವುದು ಇದನ್ನೇ: ಈ ಕೆಲಸ ಎರಡನೇ ದರ್ಜೆಯದಲ್ಲ. 2009ರಲ್ಲಿ ಜರ್ಮನಿಯ ಡ್ರೆಸ್ಡೆನ್ ತಂಡ ಬಿಳಿ ಒಎಲ್‌ಇಡಿಯನ್ನು ಟ್ಯೂಬ್‌ಲೈಟಿನ ದಕ್ಷತೆಗೆ ತಂದಾಗ ಅದರಲ್ಲಿ ಹೆಚ್ಚು ಸೂಚ್ಯಂಕದ ಗಾಜಿನ, ಅಂದರೆ ಬೆಳಕನ್ನು ಹೊರತರುವ ತಂತ್ರದ ಪಾಲು ದೊಡ್ಡದಿತ್ತು.

ನೋಂದಣಿಯ ವಿಚಾರ ಬೇಗ ಮುಗಿಸುತ್ತೇನೆ. ಪ್ರವೇಶ ಪರೀಕ್ಷೆ, ಸಂದರ್ಶನ, ಕೋರ್ಸ್‌ವರ್ಕ್, ಸಂಶೋಧನಾ ಸಮಿತಿಯ ಮುಂದೆ ಪ್ರಸ್ತಾವನೆ ಎಲ್ಲ ಕಡೆಯೂ ಇರುವಂಥದ್ದೇ. ಯುಜಿಸಿಯ 2022ರ ನಿಯಮದಂತೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಸಮಿತಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಇಲ್ಲಿ ಆವೀಕರಣ ಯಂತ್ರ ಎಲ್ಲಿದೆ?" ಎಂದು. ವಸ್ತುವನ್ನು ನಿರ್ವಾತದಲ್ಲಿ ಆವಿಯಾಗಿಸಿ ಗಾಜಿನ ಮೇಲೆ ತೆಳು ಪದರವಾಗಿ ಕೂರಿಸುವ ಯಂತ್ರ ಅದು. ಆ ಪ್ರಶ್ನೆಗೆ ಲಿಖಿತ ಉತ್ತರ ಜೊತೆಯಲ್ಲಿದ್ದುದರಿಂದ ಬಚಾವಾದೆ. ಯಾವ ಹಂತ ಇಲ್ಲಿ, ಯಾವ ಹಂತ ಹೊರಗೆ, ಹೊರಗಿನದಕ್ಕೆ ಯಾರ ಒಪ್ಪಿಗೆ ಇದೆ ಎಂಬ ಒಂದು ಪುಟದ ಕೋಷ್ಟಕವನ್ನು ಮೇಡಂ ಮೊದಲೇ ಮಾಡಿಸಿದ್ದರು. ನೀವೂ ಒಪ್ಪಿಗೆ ಪತ್ರದ ಪ್ರತಿಯನ್ನು ಪ್ರಸ್ತಾವನೆಗೆ ಲಗತ್ತಿಸಿ. ಬಾಯಿಮಾತಿನ ಭರವಸೆಯನ್ನು ಸಮಿತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಉಪಕರಣಗಳಿಗಾಗಿ ನಾನು ಹುಡುಕಿದ್ದು ಎರಡು ಕಡೆ. ಸರ್ಕಾರಿ ಅನುದಾನದ ಪ್ರಯೋಗಾಲಯಗಳ ಉಪಕರಣಗಳನ್ನು ಹೊರಗಿನವರು ಕಾಯ್ದಿರಿಸಿಕೊಳ್ಳಲು ಐ-ಸ್ಟೆಮ್ ಎಂಬ ರಾಷ್ಟ್ರೀಯ ಪೋರ್ಟಲ್ 2020ರಿಂದ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿ ಹೊರಗಿನ ಕಾಲೇಜುಗಳ ಸಂಶೋಧಕರಿಗಾಗಿ ಐಎನ್‌ಯುಪಿ ಎಂಬ ತರಬೇತಿ ಕಾರ್ಯಕ್ರಮವೂ ನಡೆದುಬಂದಿದೆ. ಎರಡನ್ನೂ ವಿಚಾರಿಸಿ. ನನಗೆ ಕೊನೆಗೆ ಅನುಕೂಲವಾದದ್ದು ಬೆಂಗಳೂರಿನ ಇನ್ನೊಂದು ಪ್ರಯೋಗಾಲಯ. ಅರ್ಜಿಯ ಜೊತೆ ಕೇಳಿದ್ದು: ವಿಭಾಗದ ಮುಖ್ಯಸ್ಥರ ಪತ್ರ, ಮಾರ್ಗದರ್ಶಕರ ಪತ್ರ, ನೋಂದಣಿ ಆದೇಶದ ಪ್ರತಿ, ಆಧಾರ್, ಭಾವಚಿತ್ರ, ಬಳಸುವ ಪ್ರತಿ ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರ, ಉಪಕರಣಕ್ಕೆ ಹಾನಿಯಾದರೆ ಹೊಣೆ ಯಾರದು ಎಂಬ ಮುಚ್ಚಳಿಕೆ. ಈ ಕೊನೆಯದು ದೊಡ್ಡ ತಡೆಯಾಯಿತು. ನಮ್ಮ ಕಡೆಯ ಆಡಳಿತ ವಿಭಾಗ ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ, ಕಡತ ಮೇಜಿನಿಂದ ಮೇಜಿಗೆ ತಿರುಗಿತು. ಒಂದು ಇಡೀ ಬೇಸಿಗೆ ಅದರಲ್ಲೇ ಕಳೆಯಿತು. ಆ ದಿನಗಳಲ್ಲಿ ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ಜೊತೆಯವರು ಪ್ರಬಂಧ ಪ್ರಕಟಿಸುತ್ತಿದ್ದಾಗ ನಾನು ಸಹಿಗಾಗಿ ಬಾಗಿಲಲ್ಲಿ ನಿಂತಿದ್ದೆ. ಬಿಡುಗಡೆ ಸಿಕ್ಕಿದ್ದು ಮುಚ್ಚಳಿಕೆಯ ಮಾತು ಬದಲಾದಾಗ: ಯಂತ್ರವನ್ನು ಅಲ್ಲಿನ ತಂತ್ರಜ್ಞರೇ ನಡೆಸುತ್ತಾರೆ, ನಾನು ಮಾದರಿ ಸಿದ್ಧಪಡಿಸಿ ಪಕ್ಕದಲ್ಲಿರುತ್ತೇನೆ ಎಂದು ಬರೆದ ಮೇಲೆ ಹೊಣೆಯ ಪ್ರಶ್ನೆಯೇ ಏಳಲಿಲ್ಲ. ಇಂಥ ಕಡೆ ಸಿಕ್ಕಿಕೊಂಡವರು ಆರಂಭದಲ್ಲೇ ಈ ಒಕ್ಕಣೆ ಕೇಳಿ ನೋಡಿ.

ಇನ್ನು ಸಾಧನ ತಯಾರಿಯ ದಿನಗಳು. ಬೆಳಗಿನ ರೈಲಿಗೆ ತುಮಕೂರು ಬಿಟ್ಟು ಯಶವಂತಪುರದಲ್ಲಿ ಇಳಿಯುತ್ತಿದ್ದೆ. ಸ್ಲಾಟ್ ಒಂಬತ್ತಕ್ಕೆ ಎಂದರೆ ಒಂಬತ್ತಕ್ಕೇ. ತಡವಾದರೆ ಮುಂದಿನ ಸರದಿ ಯಾವಾಗ ಎಂದು ಹೇಳುವಂತಿಲ್ಲ. ಮಾಸಿಕ ಪಾಸ್ ಮಾಡಿಸಿಕೊಂಡಿದ್ದು ಖರ್ಚನ್ನು ಬಹಳ ಉಳಿಸಿತು. ರೈಲು ತಡವಾಗುವ ಭಯವಿದ್ದಾಗ ಹಿಂದಿನ ಸಂಜೆಯೇ ಹೋಗಿ ರಾಜಾಜಿನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಿದ್ದೆ.

ಗಾಜನ್ನು ತೊಳೆಯುವುದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು. ಇಂಡಿಯಂ ಟಿನ್ ಆಕ್ಸೈಡ್ ಲೇಪಿಸಿದ ಗಾಜಿನ ತುಂಡು ಬೆರಳಿಗಿಂತ ಸ್ವಲ್ಪ ಅಗಲ. ಮೊದಲು ಮಲ್ಟಿಮೀಟರ್‌ನಿಂದ ಮುಟ್ಟಿ ಲೇಪವಿರುವ ಬದಿ ಯಾವುದೆಂದು ಖಚಿತಪಡಿಸಿಕೊಂಡು, ಹಿಂಬದಿಯ ಮೂಲೆಗೆ ವಜ್ರದ ಮೊನೆಯಿಂದ ಸಣ್ಣ ಗೆರೆ ಹಾಕುತ್ತೇವೆ. ಆಮೇಲೆ ಸೋಪಿನ ದ್ರಾವಣ, ಡಿಅಯಾನೀಕೃತ ನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೊಹಾಲ್ ಹೀಗೆ ಒಂದಾದ ಮೇಲೊಂದು ಶ್ರವಣಾತೀತ ಕಂಪನದ ತೊಟ್ಟಿಯಲ್ಲಿ. ಕೊನೆಯ ಸ್ನಾನದಿಂದ ಚಿಮಟದಲ್ಲಿ ಎತ್ತಿದಾಗ ದ್ರವ ಇಡೀ ಗಾಜಿನ ಮೇಲಿಂದ ಒಂದೇ ಹಾಳೆಯಾಗಿ ಜಾರಬೇಕು. ಎಲ್ಲಿಯಾದರೂ ಒಡೆದು ಹನಿಯಾಗಿ ನಿಂತರೆ ಅಲ್ಲಿ ಜಿಡ್ಡು ಉಳಿದಿದೆ ಎಂದರ್ಥ, ಮತ್ತೆ ಮೊದಲಿನಿಂದ. ನೈಟ್ರೊಜನ್ ಊದಿ ಒಣಗಿಸಿ, ನೇರಳಾತೀತ ಓಜೋನ್‌ನಲ್ಲಿ ಇಟ್ಟ ಮೇಲೆ ಬೇಗ ಒಳಗೆ ಕಳಿಸಬೇಕು. ಓಜೋನ್ ಉಪಚಾರ ಮೇಲ್ಮೈಯ ಕಾರ್ಯಫಲನವನ್ನು (ಎಲೆಕ್ಟ್ರಾನನ್ನು ಹೊರತೆಗೆಯಲು ಬೇಕಾದ ಶಕ್ತಿ) ಏರಿಸಿ ರಂಧ್ರಗಳು ಸುಲಭವಾಗಿ ಒಳಸೇರಲು ನೆರವಾಗುತ್ತದೆ, ಹೊರಗೆ ಇಟ್ಟಷ್ಟೂ ಆ ಲಾಭ ಇಳಿಯುತ್ತದೆ. ಸಾಧನ ಮಧ್ಯೆ ಶಾರ್ಟ್ ಆಗುವುದಕ್ಕೆ ಬಹುಪಾಲು ಕಾರಣ ಧೂಳಿನ ಕಣ. ನೂರು ನ್ಯಾನೊಮೀಟರಿನ ಪದರಕ್ಕೆ ಒಂದು ಮೈಕ್ರೊಮೀಟರಿನ ಕಣವೇ ಗುಡ್ಡ.

ನಿರ್ವಾತದಲ್ಲಿ ಮೊದಲು ಎನ್‌ಪಿಬಿ, ರಂಧ್ರಗಳನ್ನು ಸಾಗಿಸುವ ಪದರ. ಅದರ ಮೇಲೆ ಆಲ್ಕ್ಯೂ3. ಆಮೇಲೆ ಲಿಥಿಯಂ ಫ್ಲೋರೈಡ್, ಒಂದು ನ್ಯಾನೊಮೀಟರಿಗೂ ಕಡಿಮೆ. ಕೊನೆಗೆ ಅಲ್ಯೂಮಿನಿಯಂ. ಲಿಥಿಯಂ ಫ್ಲೋರೈಡ್ ಸ್ವತಃ ವಿದ್ಯುತ್ ಹರಿಸದ ವಸ್ತು, ಆದರೂ ಅಷ್ಟು ತೆಳುವಾಗಿ ಇಟ್ಟಾಗ ಅಲ್ಯೂಮಿನಿಯಂನಿಂದ ಎಲೆಕ್ಟ್ರಾನುಗಳು ಒಳಬರುವುದು ಬಹಳ ಸುಲಭವಾಗುತ್ತದೆ. ದಪ್ಪ ಕೊಂಚ ಹೆಚ್ಚಾದರೆ ಅದೇ ತಡೆಗೋಡೆ. ಆದ್ದರಿಂದ ಅದರ ಸರದಿ ಬಂದಾಗ ಯಾರೂ ಮಾತಾಡುತ್ತಿರಲಿಲ್ಲ, ಎಲ್ಲರ ಕಣ್ಣೂ ದಪ್ಪ ತೋರಿಸುವ ಸ್ಫಟಿಕ ಮಾಪಕದ ಅಂಕೆಯ ಮೇಲೆ. ಎನ್‌ಪಿಬಿಯಲ್ಲಿ ರಂಧ್ರಗಳು ಓಡುವ ವೇಗಕ್ಕೆ ಹೋಲಿಸಿದರೆ ಆಲ್ಕ್ಯೂ3ನಲ್ಲಿ ಎಲೆಕ್ಟ್ರಾನುಗಳು ಬಲು ನಿಧಾನ. ಎರಡೂ ಸಮವಾಗಿ ಸೇರದಿದ್ದರೆ ಉಳಿದ ರಂಧ್ರಗಳು ಬೆಳಕು ಕೊಡದೆ ವಿದ್ಯುತ್ತನ್ನು ಮಾತ್ರ ತಿನ್ನುತ್ತವೆ. ಪದರಗಳ ದಪ್ಪ ಹೊಂದಿಸುವುದೂ ದಕ್ಷತೆಯ ಕೆಲಸವೇ, ಮಸೂರ ಅಂಟಿಸುವ ಮೊದಲೇ ಅದು ಮುಗಿದಿರಬೇಕು.

ಮೊದಲ ಸಾಧನಕ್ಕೆ ವೋಲ್ಟೇಜ್ ಕೊಟ್ಟ ಮಧ್ಯಾಹ್ನ ಕೋಣೆಯ ದೀಪ ಆರಿಸಿದೆವು. ಮೂರು ವೋಲ್ಟ್ ದಾಟುವಾಗ ಗಾಜಿನ ಮಧ್ಯದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದೊಂದು ಹಸಿರು ಚೌಕ ಕಾಣಿಸಿತು. ವೋಲ್ಟೇಜ್ ಏರಿಸಿದಂತೆ ಅದು ಹೊಳಪೇರಿ, ಗಾಜಿನ ನಾಲ್ಕು ಅಂಚುಗಳೂ ಹಸಿರಾದವು. ಆ ಅಂಚುಗಳನ್ನು ತೋರಿಸಿ ತಂತ್ರಜ್ಞರು, "ನೋಡಮ್ಮ, ನೀನು ಹಿಡಿಯಬೇಕಾದ್ದು ಇದೇ" ಎಂದರು. ಗಾಜಿನೊಳಗೆ ಸಿಕ್ಕಿದ ಬೆಳಕು ಪಕ್ಕಕ್ಕೆ ಹರಿದು ಅಂಚಿನಿಂದ ಹೊರಬರುತ್ತಿತ್ತು. ಪುಸ್ತಕದಲ್ಲಿ ಓದಿದ ನಷ್ಟ ಕಣ್ಣೆದುರು ಇತ್ತು. ಸಂಜೆ ಅಪ್ಪ ಫೋನ್ ಮಾಡಿ, "ಲೈಟು ಹೊತ್ತಿತೇನಮ್ಮ?" ಎಂದಾಗ ಉತ್ತರ ಹೇಳಲು ಗಂಟಲು ಕಟ್ಟಿತು.

ಸಂತೋಷ ಬಹಳ ದಿನ ಉಳಿಯಲಿಲ್ಲ. ತುಮಕೂರಿಗೆ ತಂದ ಸಾಧನಗಳಲ್ಲಿ ಕಪ್ಪು ಚುಕ್ಕಿಗಳು ಎದ್ದವು, ದಿನೇದಿನೇ ಹರಡಿದವು. ತೇವಾಂಶ ಮತ್ತು ಆಮ್ಲಜನಕ ಅಲ್ಯೂಮಿನಿಯಂನ ಸೂಜಿರಂಧ್ರಗಳ ಮೂಲಕ ಒಳನುಗ್ಗಿ ಲೋಹ ಮತ್ತು ಸಾವಯವ ಪದರದ ಅಂಟನ್ನು ಬಿಡಿಸುತ್ತವೆ, ಅಲ್ಲಿ ವಿದ್ಯುತ್ ಹರಿಯುವುದಿಲ್ಲ. ಗ್ಲೋವ್ ಬಾಕ್ಸ್‌ನೊಳಗೇ ಗಾಜಿನ ಮುಚ್ಚಳವನ್ನು ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಎಪಾಕ್ಸಿಯಿಂದ ಅಂಟಿಸಿ, ಒಳಗೆ ತೇವ ಹೀರುವ ಹಾಳೆ ಇಟ್ಟ ಮೇಲೆ ಅವು ಪ್ರಯಾಣ ತಾಳಿಕೊಂಡವು. ಮುಚ್ಚಳ, ಎಪಾಕ್ಸಿ, ಹೀರುಹಾಳೆ ಮೂರನ್ನೂ ಮೊದಲ ಖರೀದಿ ಪಟ್ಟಿಯಲ್ಲೇ ಸೇರಿಸಿ. ಆಮೇಲೆ ಕೇಳಿದರೆ ಮತ್ತೆ ಮೂರು ದರಪಟ್ಟಿ, ಮತ್ತೆ ಖರೀದಿ ಸಮಿತಿ, ಅಷ್ಟರಲ್ಲಿ ಮಾರ್ಚ್ 31 ಬಂದು ಹಣ ಹಿಂದಕ್ಕೆ ಹೋಗಿರುತ್ತದೆ.

ಈಗ ತುಮಕೂರಿನಲ್ಲೇ ಆದ ಕೆಲಸಕ್ಕೆ ಬರುತ್ತೇನೆ. ಸೂಕ್ಷ್ಮ ಮಸೂರಗಳ ಹಾಳೆಗೆ ಅಚ್ಚು ಬೇಕು. ಬೆಳಕಿನಿಂದ ಸೂಕ್ಷ್ಮ ವಿನ್ಯಾಸ ಮೂಡಿಸುವ ಲಿಥೊಗ್ರಫಿಯಿಂದ ಮಾಡಿಸಿದರೆ ದುಬಾರಿ, ಸರದಿಯೂ ಉದ್ದ. ನಾವು ಹಿಡಿದದ್ದು ಉಸಿರಿನ ಹನಿಗಳ ವಿಧಾನ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕನ್ನು ಕ್ಲೋರೊಫಾರ್ಮ್‌ನಲ್ಲಿ ಕರಗಿಸಿ, ತೇವ ತುಂಬಿದ ಗಾಳಿಯಲ್ಲಿ ಗಾಜಿನ ಮೇಲೆ ಹರಡುತ್ತೇವೆ. ಕ್ಲೋರೊಫಾರ್ಮ್ ವೇಗವಾಗಿ ಆವಿಯಾಗುತ್ತ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಗಾಳಿಯ ತೇವ ಅದರ ಮೇಲೆ ಸಣ್ಣ ಸಣ್ಣ ಹನಿಗಳಾಗಿ ಕೂಡುತ್ತದೆ, ಹನಿಗಳು ಒತ್ತೊತ್ತಾಗಿ ಜೋಡಣೆಗೊಂಡು ಅರ್ಧ ಮುಳುಗುತ್ತವೆ, ಸುತ್ತ ಪಾಲಿಸ್ಟೈರೀನ್ ಗಟ್ಟಿಯಾಗುತ್ತದೆ. ಕೊನೆಗೆ ನೀರೂ ಆರಿ, ಕೆಲವು ಮೈಕ್ರೊಮೀಟರ್ ಅಗಲದ ಕುಳಿಗಳ ಸಾಲು ಉಳಿಯುತ್ತದೆ. ಅದರ ಮೇಲೆ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರನ್ನು ಸುರಿದು ಗಟ್ಟಿಮಾಡಿ ಸುಲಿದರೆ ಪ್ರತಿ ಕುಳಿಗೊಂದು ಉಬ್ಬು ಮಸೂರ.

ಒಎಲ್‌ಇಡಿಯ ಪರಮಶತ್ರುವಾದ ತೇವಾಂಶ ಇಲ್ಲಿ ಸಹಾಯಕ. ನಮ್ಮ ಕಡೆ ಮಳೆಯ ಜೋರು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ದೇವರಾಯನದುರ್ಗದ ಮೇಲೆ ಮೋಡ ಕುಳಿತ ದಿನಗಳಲ್ಲಿ ಅಚ್ಚುಗಳು ತಾವಾಗಿಯೇ ಚೆನ್ನಾಗಿ ಬಂದವು. ಮಾರ್ಚ್ ಬಂದು ಗಾಳಿ ಒಣಗಿದಾಗ ಕುಳಿಗಳೇ ಏಳಲಿಲ್ಲ, ಹಾಳೆ ಸಾದಾ ಗಾಜಿನಂತೆ ಕಂಡಿತು. ಋತುವನ್ನು ನಂಬಿ ಕೂರುವಂತಿಲ್ಲವಾದ್ದರಿಂದ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಉಪ್ಪಿನ ಸಂತೃಪ್ತ ದ್ರಾವಣ ಇಟ್ಟೆವು. ಅಡಿಗೆಯ ಉಪ್ಪು ಅಂದರೆ ಸೋಡಿಯಂ ಕ್ಲೋರೈಡಿನ ಸಂತೃಪ್ತ ದ್ರಾವಣ ಮುಚ್ಚಿದ ಪೆಟ್ಟಿಗೆಯೊಳಗಿನ ಸಾಪೇಕ್ಷ ಆರ್ದ್ರತೆಯನ್ನು ಸುಮಾರು 75%ಕ್ಕೆ ತಂದು ನಿಲ್ಲಿಸುತ್ತದೆ, ಪೊಟ್ಯಾಸಿಯಂ ಕ್ಲೋರೈಡ್ ಆದರೆ 85%ರ ಹತ್ತಿರ. ತಳದಲ್ಲಿ ಕರಗದ ಉಪ್ಪು ಕಾಣುತ್ತಿರಬೇಕು, ಅಷ್ಟೇ ಷರತ್ತು. ಇದಕ್ಕೆ ತಗುಲಿದ್ದು ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಆರ್ದ್ರತಾ ಮಾಪಕ ಮತ್ತು ಉಪ್ಪು. ಕ್ಲೋರೊಫಾರ್ಮ್ ಬಳಸುವಾಗ ಪೆಟ್ಟಿಗೆಯನ್ನು ಹೊಗೆಗೂಡಿನ (ವಿಷಾನಿಲವನ್ನು ಹೊರಕ್ಕೆ ಎಳೆಯುವ ಫ್ಯೂಮ್ ಹುಡ್) ಒಳಗೇ ಇಡಿ, ಗೂಡಿಲ್ಲದ ಕಡೆ ಈ ಕೆಲಸ ಮಾಡಲೇಬೇಡಿ.

ಅಚ್ಚು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ದೊಡ್ಡ ಸೂಕ್ಷ್ಮದರ್ಶಕ ಬೇಡ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಚೆನ್ನಾಗಿ ಬಂದದ್ದರ ಮೇಲೆ ಹಾಲುಬಿಳುಪಿನ ನಡುವೆ ಕಾಮನಬಿಲ್ಲಿನ ಬಣ್ಣಗಳು ಜಾರಾಡುತ್ತವೆ. ಬರೀ ಮಂಕು ಬಿಳುಪಿದ್ದರೆ ಕುಳಿಗಳ ಗಾತ್ರ ಅಡ್ಡಾದಿಡ್ಡಿ ಎಂದರ್ಥ. ನಮ್ಮ ಪ್ರಯೋಗಾಲಯದ ಸಹಾಯಕರಾದ ಅಣ್ಣ ಓದಿದ್ದು ಎಸ್ಸೆಸ್ಸೆಲ್ಸಿ. ಕೆಲವೇ ವಾರಗಳಲ್ಲಿ ಅವರು ನನಗಿಂತ ಬೇಗ ಒಳ್ಳೆಯ ಹಾಳೆ ಗುರುತಿಸುತ್ತಿದ್ದರು. "ಇದು ಬೇಡಮ್ಮ, ಅಂಚಿನ ಕಡೆ ಬಣ್ಣ ಸತ್ತಿದೆ" ಎಂದು ಪಕ್ಕಕ್ಕಿಟ್ಟದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವರ ಮಾತೇ ಸರಿ ಇರುತ್ತಿತ್ತು. ಮಹಾಪ್ರಬಂಧದ ಕೃತಜ್ಞತೆಗಳಲ್ಲಿ ಮಾರ್ಗದರ್ಶಕಿಯ ಹೆಸರಿನ ನಂತರ ಅವರ ಹೆಸರಿದೆ.

ಪಿಡಿಎಂಎಸ್‌ನ ಎರಡು ದ್ರವಗಳನ್ನು ತೂಕದಲ್ಲಿ 10ಕ್ಕೆ 1ರಂತೆ ಕಲಸಿ, ನಿರ್ವಾತದ ಡೆಸಿಕೇಟರ್‌ನಲ್ಲಿ ಗುಳ್ಳೆ ತೆಗೆದು, 60 ಡಿಗ್ರಿಯಲ್ಲಿ ಗಟ್ಟಿಮಾಡುತ್ತಿದ್ದೆವು. ಬೇಗ ಮುಗಿಯಲೆಂದು ಶಾಖ ಏರಿಸಬೇಡಿ, 100 ಡಿಗ್ರಿಯ ಹತ್ತಿರ ಪಾಲಿಸ್ಟೈರೀನ್ ಮೃದುವಾಗಿ ಕುಳಿಗಳು ಕುಸಿಯುತ್ತವೆ. ಪಿಡಿಎಂಎಸ್ ಕಿಟ್ ಒಂದು ಕಿಲೋಗೆ ಸಾವಿರಾರು ರೂಪಾಯಿ, ಮೇಲೆ 18% ಜಿಎಸ್‌ಟಿ. ಸಂಶೋಧನಾ ಸಾಮಗ್ರಿಗೆ ಸಿಗುತ್ತಿದ್ದ 5% ರಿಯಾಯಿತಿ ದರ 2022ರ ಜುಲೈನಿಂದ ಇಲ್ಲ. ಹಳೆಯ ದರಪಟ್ಟಿ ನೋಡಿ ಅಂದಾಜು ಪತ್ರ ಬರೆದರೆ ಹಣ ಸಾಲದು.

ಇಷ್ಟೆಲ್ಲ ಆದ ಮೇಲೂ ಅತಿ ಹೆಚ್ಚು ಕಾಯಿಸಿದ್ದು ಅಳತೆ. ನಮ್ಮಲ್ಲಿ ಇದ್ದದ್ದು ನೇರ ಎದುರಿನಿಂದ ಹೊಳಪು ಅಳೆಯುವ ಮೀಟರ್. ಸಾದಾ ಒಎಲ್‌ಇಡಿಗೆ ಅದು ಸಾಕಾಗಬಹುದು. ಮಸೂರ ಅಂಟಿಸಿದ ಕೂಡಲೇ ಬೆಳಕು ಹರಡುವ ಕೋನಗಳೇ ಬದಲಾಗುತ್ತವೆ, ಎದುರಿಗೆ ಹೆಚ್ಚಾದದ್ದು ಪಕ್ಕದಲ್ಲಿ ಕಡಿಮೆಯಾಗಿರಬಹುದು. ಒಟ್ಟು ಬೆಳಕನ್ನು ಹಿಡಿಯಲು ಒಳಮೈಗೆ ಬಿಳಿ ಲೇಪವಿರುವ ಸಮಗ್ರ ಗೋಳ ಬೇಕು. ಅದು ಇರುವ ಪ್ರಯೋಗಾಲಯದಲ್ಲಿ ಗೋಳ ರಿಪೇರಿಗೆ ಹೋಗಿತ್ತು, ಬಂದ ಮೇಲೆ ಮಾಪನಾಂಕನ ಬಾಕಿ ಇತ್ತು, ಅದು ಮುಗಿಯುವಾಗ ನನ್ನ ಫೆಲೋಷಿಪ್ ಹಣ ತಿಂಗಳುಗಳಿಂದ ಬಂದಿರಲಿಲ್ಲ. ಅಮ್ಮ ಹಾಲಿನ ಡೇರಿಯ ದುಡ್ಡಿನಿಂದ ಕಳಿಸಿದ್ದರಲ್ಲಿ ಬಾಡಿಗೆ ಕಟ್ಟಿದೆ. ಫೆಲೋಷಿಪ್ ನಂಬಿಕೊಂಡು ಬರುವವರು ಅರ್ಧ ವರ್ಷದ ಖರ್ಚನ್ನು ಪ್ರತ್ಯೇಕವಾಗಿ ಇಟ್ಟುಕೊಂಡೇ ಬನ್ನಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಗೋಳದಲ್ಲಿ ಅಳೆಯುವವರು ಮೂರು ಸಂಗತಿಗಳನ್ನು ಬಿಡಬಾರದು. ಗಾಜಿನ ಅಂಚುಗಳನ್ನು ಕಪ್ಪು ಟೇಪಿನಿಂದ ಮುಚ್ಚಬೇಕು, ಇಲ್ಲದಿದ್ದರೆ ಅಂಚಿನ ಬೆಳಕೂ ಸೇರಿಕೊಂಡು ಮಸೂರವಿಲ್ಲದ ಸಾಧನದ ಅಂಕೆ ಉಬ್ಬುತ್ತದೆ. ಒಂದೇ ಸಾಧನವನ್ನು ಮಸೂರವಿಲ್ಲದೆ, ಮಸೂರದೊಂದಿಗೆ, ಮತ್ತೆ ಮಸೂರ ತೆಗೆದು ಅಳೆಯಬೇಕು. ಮೊದಲ ಮತ್ತು ಕೊನೆಯ ಅಂಕೆ ಹೊಂದಿದರೆ ಮಾತ್ರ ನಡುವಿನದು ನಂಬಿಕೆಗೆ ಅರ್ಹ, ಏಕೆಂದರೆ ಅಳೆಯುವಾಗಲೂ ಸಾಧನ ಸವೆಯುತ್ತಿರುತ್ತದೆ. ಹಾಗೆಯೇ ಪ್ರತಿ ಅಳತೆಯೂ ಒಂದೇ ವಿದ್ಯುತ್ ಪ್ರವಾಹದಲ್ಲಿರಲಿ, ಒಂದೇ ವೋಲ್ಟೇಜ್ ಎಂದರೆ ಸಾಲದು. ಪ್ರವಾಹ ಏರಿದಂತೆ ದಕ್ಷತೆ ತಾನಾಗಿ ಕುಸಿಯುವ ಗುಣ ಒಎಲ್‌ಇಡಿಗಳಿಗೆ ಇದೆ.

ನಮ್ಮ ಫಲಿತಾಂಶ: ಮಸೂರ ಹಾಳೆಯಿಂದ ಒಟ್ಟು ಬೆಳಕು ಸುಮಾರು ಕಾಲು ಭಾಗದಷ್ಟು ಹೆಚ್ಚಿತು. ಹಾಳೆಯನ್ನು ಒತ್ತಿ ಅಂಟಿಸುವಾಗ ಗಾಳಿಯ ಪೊರೆ ಉಳಿದ ಕಡೆ ಆ ಲಾಭ ಸಿಗಲಿಲ್ಲ. ಪ್ರಬಂಧ ಕಳಿಸಿದಾಗ ಒಬ್ಬ ವಿಮರ್ಶಕರು ನ್ಯಾಯವಾದ ಪ್ರಶ್ನೆ ಎತ್ತಿದರು: ಬೆಳಗುವ ಚೌಕ ಚಿಕ್ಕದು, ಗಾಜು ದಪ್ಪ, ಮಸೂರ ಹಾಳೆ ದೊಡ್ಡದು. ಪಕ್ಕಕ್ಕೆ ಹರಿದ ಬೆಳಕನ್ನೂ ಹಾಳೆ ಹಿಡಿಯುತ್ತಿರುವಾಗ ದೊಡ್ಡ ದೀಪದಲ್ಲೂ ಇಷ್ಟೇ ಲಾಭ ಬರುತ್ತದೆಯೇ? ಉತ್ತರಕ್ಕೆ ದೊಡ್ಡ ಚೌಕಗಳ ಹೊಸ ಮಾಸ್ಕ್ (ಪದರಗಳಿಗೆ ಆಕಾರ ಕೊಡುವ, ಕಿಂಡಿ ಕೊರೆದ ತಗಡು) ಮಾಡಿಸಿ ಮತ್ತೆ ಸಾಧನ ತಯಾರಿಸಬೇಕಾಯಿತು, ಮತ್ತೆ ಸ್ಲಾಟ್, ಮತ್ತೆ ಗೋಳದ ಸರದಿ. ಲಾಭ ಕೊಂಚ ಇಳಿಯಿತು, ಆದರೆ ಉಳಿಯಿತು. ಆ ಇಳಿದ ಅಂಕೆಯನ್ನೇ ಮಹಾಪ್ರಬಂಧದಲ್ಲಿ ಮುಖ್ಯ ಅಂಕೆಯಾಗಿ ಕೊಟ್ಟಿದ್ದೇನೆ, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಇಂಥ ಹಾಳೆ ಮೊಬೈಲ್ ಪರದೆಗೆ ಆಗುವುದಿಲ್ಲ, ಪಿಕ್ಸೆಲ್‌ಗಳ ಬೆಳಕು ಪರಸ್ಪರ ಕಲಸಿ ಚಿತ್ರ ಮಸುಕಾಗುತ್ತದೆ. ಮನೆ, ಶಾಲೆ, ಆಸ್ಪತ್ರೆಗಳ ದೀಪದ ಫಲಕಗಳಿಗೆ ತಕ್ಕದ್ದು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು, "ಆಲ್ಕ್ಯೂ3 ಹಳೆಯ ಅಣುವಲ್ಲವೇ?" ಎಂದು ಕೇಳಿದರು. ಗಾಜಿಗೆ ಬಂದು ಸಿಕ್ಕಿಕೊಂಡ ಬೆಳಕು ಯಾವ ಅಣುವಿನಿಂದ ಬಂತೆಂದು ಮಸೂರ ನೋಡುವುದಿಲ್ಲ, ಅಗ್ಗದ ಅಣುವಿನಲ್ಲಿ ಕಲಿತದ್ದನ್ನು ಹೆಚ್ಚು ದಕ್ಷ ಅಣುವಿನ ಸಾಧನಕ್ಕೂ ಅಂಟಿಸಬಹುದು ಎಂದು ಹೇಳಿ, ನಾಲ್ಕು ಸಂಖ್ಯೆಗಳ ಗುಣಾಕಾರವನ್ನು ಹಲಗೆಯ ಮೇಲೆ ಬರೆದೆ. ಮುಂದಿನ ಪ್ರಶ್ನೆಗಳೆಲ್ಲ ಆ ಸಾಲಿನ ಸುತ್ತಲೇ ಬಂದವು.

ಕೊನೆಯ ಹಂತದ ಕಾಗದಗಳ ಬಗ್ಗೆ ಇಷ್ಟು. ಸಾಮ್ಯತೆಯ (ನಕಲು ಪತ್ತೆಯ) ಪರೀಕ್ಷೆಯಲ್ಲಿ ಯುಜಿಸಿಯ 2018ರ ನಿಯಮದಂತೆ 10%ರವರೆಗೆ ತೊಂದರೆ ಇಲ್ಲ. ಪ್ರಯೋಗ ವಿಧಾನದ ಅಧ್ಯಾಯದಲ್ಲೇ ಅಂಕೆ ಏರುವುದು, ಗಾಜು ತೊಳೆಯುವ ಕ್ರಮವನ್ನು ಎಲ್ಲರೂ ಒಂದೇ ಮಾತಿನಲ್ಲಿ ಬರೆದಿರುತ್ತಾರೆ. ನಿಮ್ಮದೇ ಮಾತಿನಲ್ಲಿ ಬರೆಯಿರಿ. ಗ್ರಂಥಾಲಯ, ಹಾಸ್ಟೆಲ್, ಪ್ರಯೋಗಾಲಯ, ಲೆಕ್ಕಪತ್ರ ವಿಭಾಗಗಳ ಬಾಕಿ ಇಲ್ಲದ ಪತ್ರಗಳಿಗೆ ಮಹಾಪ್ರಬಂಧ ಸಲ್ಲಿಸುವ ಮೊದಲೇ ಓಡಾಡಿ. ಹೊರಗಿನ ಪ್ರಯೋಗಾಲಯದಿಂದಲೂ ಅಂಥದೊಂದು ಪತ್ರ ಕೇಳಬಹುದು, ನನ್ನನ್ನು ಕೇಳಿದರು. ಮಹಾಪ್ರಬಂಧಗಳ ರಾಷ್ಟ್ರೀಯ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಏರಿಸಲು ಪ್ರತಿ ಅಧ್ಯಾಯದ ಕಡತ ಬೇರೆಬೇರೆ ಇಟ್ಟುಕೊಳ್ಳಿ. ಪದವಿ ಪ್ರಮಾಣಪತ್ರ ಘಟಿಕೋತ್ಸವದಲ್ಲೇ ಸಿಗುವುದು. ಅಷ್ಟರೊಳಗೆ ಉದ್ಯೋಗಕ್ಕೆ ಅರ್ಜಿ ಹಾಕುವವರು ವೈವಾ ಮುಗಿದ ವಾರವೇ ಪಿಎಚ್‌.ಡಿ ಅಧಿಸೂಚನೆಯ ಪ್ರತಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ನನ್ನದು ಇನ್ನೂ ಬಂದಿಲ್ಲ, ಸೋಮವಾರ ಮತ್ತೆ ವಿಚಾರಿಸಲು ಹೇಳಿದ್ದಾರೆ.